ಮಡುವಿನ ನಡುವೆ ಹೇಳಿಸಿದ ಮಾತು

ಹೊಳೆನರಸೀಪುರ
೨೮–೨–೧೯೪೪

ಅಕ್ಕ ಹೊನ್ನಕ್ಕನಿಗೆ ತಮ್ಮ ದೇವಯ್ಯ ಮಾಡುವ ಶರಣು.

ಶಿವನ ದಯೆಯಿಂದ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಸಂಕ್ರಾಂತಿಗೆ ನೀನು ಅರಕಲಗೂಡಿನಿಂದ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ಹುರುಳಿ ಒಕ್ಕಣೆ ಮುಗಿಯುವಷ್ಟರಲ್ಲಿ ಎಮ್ಮೆ ಈಯಿತು, ಇವಳಿಗೆ ಜ್ವರ ಬಂತು. ಅಲ್ಲದೆ ಒಂದು ಕೆಲಸ ಬಾಕಿ ಇತ್ತು. ಅದಾಗದೆ ನಿನಗೆ ಬರೆಯಲು ಮನಸ್ಸಿರಲಿಲ್ಲ. ನಿನ್ನೆ ಭಾನುವಾರ ಅದು ಆಯಿತು.

ನಮ್ಮ ಹೊಳೆಯ ನಡುಗಡ್ಡೆಯ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವಲ್ಲ, ಅಲ್ಲಿ ಇನ್ನು ಯಾರೂ ಕೋವಿ ಹಾರಿಸಕೂಡದೆಂದು ಹಲಗೆ ನೆಟ್ಟಿದ್ದಾರೆ. ಊರವರೆಲ್ಲ ಒಂದು ಬೆಳಿಗ್ಗೆ ಸೇರಿ ಹಕ್ಕಿ ನೋಡೋಣವೆಂದು ಸೈನ್ಸ್ ಮೇಷ್ಟ್ರು ಬಸವರಾಜು ಡಂಗುರ ಹೊಡೆಸಿದ್ದರು. ಜನ ಬಂದರು ಅಂದರೆ ಬಂದರು. ಮೇಷ್ಟ್ರ ದುರ್ಬೀನು ಕೈಯಿಂದ ಕೈಗೆ ಹೋಯಿತು. ತಾಯಿಹಕ್ಕಿ ಮರಿಯ ಬಾಯಿಗೆ ಮೀನು ಕಕ್ಕುವುದನ್ನು ನೋಡಿ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಕುಡುಕನ ಮಗಳು ಬೇಡವೆಂದು ನಿನ್ನ ಸುವರ್ಣಳ ಸಂಬಂಧ ಮುರಿದ ಕಟ್ಟಾಯದ ಚನ್ನಬಸವಯ್ಯನವರೂ ಗಾಡಿ ಕಟ್ಟಿಕೊಂಡು ಬಂದಿದ್ದರು.

ಅಧ್ಯಕ್ಷ ಯಾರು ಗೊತ್ತೇನಕ್ಕ? ಹಾಸನದ ಸಾಹುಕಾರ ಚಂದ್ರಯ್ಯ. ಪೆಟ್ರೋಲು ಸಿಗದ ಕಾಲವೆಂದು ಇದ್ದಿಲು ಗ್ಯಾಸಿನಲ್ಲಿ ಓಡುವ ಕಾರಿನಲ್ಲಿ ಬಂದಿಳಿದು, ಕೊರಳಿಗೆ ಹಾರ ಹಾಕಿಸಿಕೊಂಡು, "ಈ ಹಕ್ಕಿಗಳು ನಮ್ಮ ಮನೆಗೆ ಬಂದ ನೆಂಟರು" ಎಂದು ಭಾಷಣ ಮಾಡಿದ. ನನಗೆ ಮೈ ಉರಿಯಿತು. ಒಂಬತ್ತು ವರ್ಷದ ಕೆಳಗೆ ಇದೇ ನೆಂಟರನ್ನು ಹೊಡೆಯಲು ಇವನು ಭಾವನ ಹರಿಗೋಲು ಹತ್ತಿದ್ದ. ಏಳಬೇಡಿ ಬುದ್ದಿ ಎಂದು ಭಾವ ಬೇಡಿಕೊಳ್ಳುತ್ತಿದ್ದರೂ ಎದ್ದು ನಿಂತು ಕೋವಿ ಹಾರಿಸಿದ. ಹರಿಗೋಲು ಮಗುಚಿತು. ಇವನು ಅದರ ಅಂಚು ತಬ್ಬಿ ಬದುಕಿಕೊಂಡ, ಭಾವ ಮಡುವಿನಲ್ಲಿ ಹೋದರು. ದಡದಲ್ಲಿ ನಿಂತು ನಾನು ಕಣ್ಣಾರೆ ಕಂಡೆ. ಹರಿಗೋಲಿನವನು ಕುಡಿದಿದ್ದ ಎಂದು ಇವನು ಪೊಲೀಸರಲ್ಲಿ ಬರೆಸಿದ. ಅವನ ಮಾತೇ ನಿಜವೆಂದು ನಿಂತಿತು, ನನ್ನದನ್ನು ಯಾರೂ ಕೇಳಲಿಲ್ಲ. ಲಿಂಗ ಕಟ್ಟಿದ ಕೊರಳಿಗೆ ಹೆಂಡದ ಮಾತು ಅಂಟಿಸಿದರು. ಮಣ್ಣು ಮಾಡುವ ದಿನ ಮಠದಿಂದ ಒಬ್ಬರೂ ಬರಲಿಲ್ಲ, ನಿನಗೆ ನೆನಪಿದೆ.

ಅಧ್ಯಕ್ಷರು ಮೊದಲು ಗೂಡುಗಳ ಹತ್ತಿರ ಹೋಗಿ ನೋಡಿ ಬರಲಿ ಎಂದರು ಮೇಷ್ಟ್ರು. ಹರಿಗೋಲಿನ ಹುಟ್ಟು ನನ್ನ ಕೈಯಲ್ಲಿತ್ತು. ಚಂದ್ರಯ್ಯನಿಗೆ ನನ್ನ ಗುರುತು ಹತ್ತಲಿಲ್ಲ. ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತ.

ಮಡುವಿನ ನಡುವೆ ಹುಟ್ಟು ಮೇಲೆತ್ತಿದೆ.

"ಯಾಕೋ ನಿಲ್ಲಿಸಿದೆ?" ಅಂದ.

"ಅವತ್ತು ಇಲ್ಲೇ ಅಲ್ವಾ ಬುದ್ದಿ ನೀವು ಎದ್ದು ನಿಂತಿದ್ದು? ನಿಮ್ಮನ್ನ ಕೂರಿಸ್ಕಂಡು ಬಂದೋನ ಬಾಮೈದ ಕಣಿ ನಾನು. ಈಗ ನಾನೂ ನಿಂತ್ಕತೀನಿ."

ನಿಂತೆ. ಹರಿಗೋಲು ವಾಲಿ ನೀರು ಒಳಗೆ ಬಂತು.

"ಬೇಡ ಕಣಪ್ಪ, ಕೂತ್ಕೋ. ಏನು ಬೇಕು ಕೇಳು, ಕೊಡ್ತೀನಿ."

"ಏನೂ ಬ್ಯಾಡ. ಅವ್ನು ಕುಡಿದಿರ್ಲಿಲ್ಲ ಅಂತ ದಡದೋರಿಗೆ ಕೇಳಂಗೆ ಕೂಗಿ ಹೇಳಿ. ನಂಗೆ ಈಜು ಬತ್ತದೆ, ನಿಮ್ದು ನೋಡ್ಕಳಿ."

ಇನ್ನೊಂದು ಸಲ ವಾಲಿಸಿದೆ. ಆಗ ದಡಕ್ಕೆ ತಿರುಗಿ ಕೂಗಿದ: "ಹರಿಗೋಲಿನ ದೊಡ್ಡಯ್ಯ ಕುಡಿದಿರಲಿಲ್ಲ. ಬೇಡ ಅಂದರೂ ನಾನೇ ಎದ್ದು ನಿಂತೆ. ನಾನು ಬರೆಸಿದ್ದು ಸುಳ್ಳು." ಸಾಲದು ಅಂದೆ. ಮತ್ತೆ ಕೂಗಿದ. ಮರದ ಹಕ್ಕಿಗಳೆಲ್ಲ ಎದ್ದವು. ಮೂರನೇ ಸಲ ಕೂಗುವಾಗ ಅಳುತ್ತಿದ್ದ. ಆ ಅಳು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಮುಚ್ಚಿಟ್ಟು ಏನು ಪ್ರಯೋಜನ.

ದಡ ಮುಟ್ಟಿದಾಗ ಅವನ ಕೈ ಹಿಡಿದು ಇಳಿಸಲು ಒಬ್ಬರೂ ಮುಂದೆ ಬರಲಿಲ್ಲ. ಕಚ್ಚೆ ಒದ್ದೆಯಾಗಿತ್ತು, ಅದು ಬರೀ ಹೊಳೆ ನೀರಲ್ಲ. ಹಾರ ಅಲ್ಲೇ ಬಿಸಾಡಿ ಕಾರು ಹತ್ತಿದ.

"ಹಕ್ಕಿ ನೋಡೋ ದಿನ ಹೀಗೆ ಮಾಡಬಾರದಿತ್ತು ದೇವಯ್ಯ" ಎಂದರು ಮೇಷ್ಟ್ರು.

"ಬೇರೆ ಯಾವ ದಿನ ಅವನು ನನ್ನ ಹರಿಗೋಲು ಹತ್ತುತ್ತಿದ್ದ ಸಾ?" ಅಂದೆ.

ಚನ್ನಬಸವಯ್ಯನವರು ಬಂದು, "ಹೊನ್ನಕ್ಕನಿಗೆ ಯಾವ ಮಕ ತೋರ್ಸಾದು ನಾವು" ಎಂದರು. ತೋರಿಸಬೇಡಿ ಎಂದೆ. ಸಂಬಂಧ ಮತ್ತೆ ಕುದುರಿಸುವ ಮಾತೆತ್ತಿದರೆ ನೀನೂ ಬಾಗಿಲು ತೆಗೆಯಬೇಡ. ಸುವರ್ಣಳಿಗೆ ಇವರಿಗಿಂತ ಒಳ್ಳೆಯ ಮನೆ ಸಿಗುತ್ತದೆ.

ಯುಗಾದಿಯ ಹೊತ್ತಿಗೆ ಬಂದು ಭಾವನ ಸಮಾಧಿಗೆ ವಿಭೂತಿ ಹಚ್ಚಿ ಹೋಗು. ಈ ಸಲ ಮಠದವರೇ ಬರುತ್ತೇವೆಂದು ಹೇಳಿ ಕಳಿಸಿದ್ದಾರೆ. ಸುವರ್ಣಳಿಗೆ ನನ್ನ ಆಶೀರ್ವಾದ, ನೂರು ಕಾಲ ಬಾಳಲಿ. ನೀನು ಹೊತ್ತುಹೊತ್ತಿಗೆ ಉಣ್ಣು.

ನಿನ್ನ ತಮ್ಮ,
ದೇವಯ್ಯ

ಅಕ್ಕ, ಕಾಗದ ಮಡಿಸಿದವನು ಮತ್ತೆ ಬಿಚ್ಚಿದ್ದೇನೆ. ಇದನ್ನು ಸುವರ್ಣಳಿಗೆ ಓದಿ ಹೇಳಬೇಡ. ಕೂಗುವುದಕ್ಕೆ ಮುಂಚೆ ಚಂದ್ರಯ್ಯ ಮೆಲ್ಲಗೆ ನನ್ನನ್ನು ಒಂದು ಮಾತು ಕೇಳಿದ. ಮೇಲೆ ಬರೆಯಲು ಕೈ ಬರಲಿಲ್ಲ. "ಅವನ ಹೆಸರೇನಪ್ಪಾ?" ಅಂದ. ನಾನೇ ಹೇಳಿಕೊಟ್ಟೆ.