ಮೆಟ್ಟಿಲಿನಿಂದ ನೀರಿನವರೆಗೆ

ಏಪ್ರಿಲ್ ೧೧, ಶುಕ್ರವಾರ

ಪ್ರೀತಿಯ ತಮ್ಮನಿಗೆ,

ಅಕ್ಕನ ಆಶೀರ್ವಾದಗಳು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದು ಹಾಕುತ್ತಿದ್ದೆ, ಬೈಯಬೇಡ. ರಜೆಗೆ ಎಲ್ಲರೂ ಬರುತ್ತೀರಿ, ನಿನ್ನ ಮಗಳು ಚಿನಕುರಳಿ ಈಗಲೇ ಚೀಲ ತುಂಬಿಟ್ಟಿದ್ದಾಳೆ ಎಂದು ಬರೆದಿದ್ದೀಯ. ಈ ಸಲ ಬರಬೇಡಿ. ಇದೊಂದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಬರೆಯುವ ಧೈರ್ಯ ಬರುತ್ತದೆ.

ಅಜ್ಜ ತನ್ನ ನಾಲ್ಕು ಮಕ್ಕಳಿಗೆಂದು ದಡದಿಂದ ಒಳಕ್ಕೆ ಸಾಲಾಗಿ ನಾಲ್ಕು ರಜಾಮನೆ ಕಟ್ಟಿಸಿದ್ದು ನಿನಗೆ ಗೊತ್ತೇ ಇದೆ. ದೊಡ್ಡಪ್ಪನ ಮನೆ ನೀನು ಹುಟ್ಟುವ ಮೊದಲೇ ಸಮುದ್ರದ ಪಾಲಾಯಿತು. ಅತ್ತೆಯ ಮನೆ ಹೋದದ್ದು ನಿನಗೂ ನೆನಪಿರಬೇಕು. ಒದ್ದೆ ಹಾಸಿಗೆ ಹೊತ್ತು ನಮ್ಮ ಜಗಲಿಗೆ ಬಂದವರೇ, "ಇನ್ನು ನಿನ್ನ ಸರದಿ ಕಣೋ" ಎಂದು ಅಪ್ಪನಿಗೆ ಹೇಳಿ ನಕ್ಕಿದ್ದರು. ಅಪ್ಪ ನಗಲಿಲ್ಲ.

ಅಂದಿನಿಂದ ಶುರುವಾಯಿತು ಆ ಪದ್ಧತಿ. ರಜೆಯ ಮೊದಲ ದಿನ ಮನೆಯ ಅತಿ ಚಿಕ್ಕವರು ಮೆಟ್ಟಿಲಿನಿಂದ ಉಬ್ಬರದ ಗೆರೆಯವರೆಗೆ ಹೆಜ್ಜೆ ಎಣಿಸಬೇಕು, ಅಪ್ಪ ಅದನ್ನು ಅಡುಗೆಮನೆ ಬಾಗಿಲ ಹಿಂದೆ ಬರೆಯಬೇಕು. ನೀನು ಕೊನೆಯ ಸಲ ಎಣಿಸಿದಾಗ ಇಪ್ಪತ್ತಾರು. ಮರುವರ್ಷ, ಆಗತಾನೆ ಲೆಕ್ಕ ಕಲಿತಿದ್ದ ಚಿನಕುರಳಿ ಎಣಿಸಿದಾಗ ನಲವತ್ನಾಲ್ಕು. ಸಮುದ್ರ ಹಿಂದೆ ಸರಿಯಿತೆಂದು ಅಪ್ಪ ಸಂತೋಷಕ್ಕೆ ಅತ್ತುಬಿಟ್ಟರು. ಆ ನೆಮ್ಮದಿಯಲ್ಲೇ ಕಣ್ಣು ಮುಚ್ಚಿದರು. ಹೋದ ವರ್ಷ ಅವಳು ಎಣಿಸಿದ ನಲವತ್ತನ್ನು ಬಾಗಿಲ ಹಿಂದೆ ಬರೆದದ್ದು ನಾನು.

ಹೋದ ತಿಂಗಳು ಉಬ್ಬರದ ನೀರು ಜಗಲಿಯ ಕೆಳಗೇ ನುಗ್ಗಿತು. ಮುಂದಿನ ಕೋಣೆಯ ಗೋಡೆ ಬಿರುಕು ಬಿಟ್ಟಿದೆ, ನನ್ನ ಬೆರಳು ತೂರುವಷ್ಟು. ಮೇಸ್ತ್ರಿ ಬಂದು ಮೆಟ್ಟಿಲಿನಿಂದ ದಿನನಿತ್ಯದ ಉಬ್ಬರದ ಗೆರೆಯವರೆಗೆ ಟೇಪು ಹಿಡಿದ.

"ಒಂಬತ್ತು ಮೀಟರ್ ಅಷ್ಟೇ ಅಕ್ಕಾ. ಗೋಡೆ ಕಟ್ಟಿಕೊಡ್ತೀನಿ, ಅದು ನಿಲ್ಲೋಕೆ ನೆಲ ಯಾರು ಕೊಡ್ತಾರೆ?"

ಹೋದ ವರ್ಷ ನಲವತ್ತು ಹೆಜ್ಜೆ ಇತ್ತಲ್ಲಪ್ಪ ಎಂದು ಬಾಗಿಲು ತೋರಿಸಿದೆ.

"ಯಾರ ಹೆಜ್ಜೆ?" ಎಂದು ಕೇಳಿದ.

ಆಗ ನನಗೆ ಹೊಳೆಯಿತು. ಪುಟ್ಟ ಕಾಲು ಬಂದಾಗ ಹೆಜ್ಜೆ ಹೆಚ್ಚಾಗಿತ್ತೇ ಹೊರತು ನೆಲವಲ್ಲ. ಓದುಬರಹ ಬಲ್ಲ ಇಷ್ಟು ಜನರಿದ್ದೂ ಒಬ್ಬರ ತಲೆಗೂ ಹೋಗಲಿಲ್ಲ ನೋಡು.

ನನಗೆ ಭಯವಾಗುತ್ತಿದೆ ಕಣೋ. ಊಟಕ್ಕೆ ಕೂತರೂ ಕಿವಿಯೆಲ್ಲ ನೆಲದ ಮೇಲೆಯೇ. ಕೆಳಗೆ ಮರಳು ಜಾರುವುದು ಕೇಳಿಸುತ್ತದೆ. ಕಪಾಟಿನ ಲೋಟಗಳು ತಮ್ಮಷ್ಟಕ್ಕೆ ತಾವೇ ಅಲುಗುತ್ತವೆ. ಸೋಮವಾರ ಹಿಂದಿನ ಚಿಕ್ಕಪ್ಪನ ಮನೆಗೆ ಸಾಮಾನು ಸಾಗಿಸುತ್ತೇನೆ. ಅದಾದರೂ ಎಷ್ಟು ದಿನವೋ ತಿಳಿಯದು.

ಮಗುವಿಗೆ ನನ್ನ ಮುತ್ತು. ನೀವೆಲ್ಲ ಗಟ್ಟಿ ನೆಲದ ಮೇಲೆ ನೂರು ಕಾಲ ಸುಖವಾಗಿರಿ.

ನಿನ್ನ
ಅಕ್ಕ

ಮತ್ತೆ: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನನಗೆ ಹೊಳೆದದ್ದು ಮೇಸ್ತ್ರಿ ಕೇಳಿದಾಗಲ್ಲ. ಹೋದ ವರ್ಷ ಮಗು ಎಣಿಸುವಾಗ ಅವಳ ಹಿಂದೆಯೇ ನಾನೂ ನಡೆದಿದ್ದೆ. ನನ್ನ ಹೆಜ್ಜೆ ಹದಿನಾರೇ ಆದವು. ಬಾಯಿ ಬಿಟ್ಟರೆ ಅಂದೇ ಗಂಟುಮೂಟೆ ಕಟ್ಟುತ್ತೀರಿ, ಮತ್ತೆಂದೂ ಬರುವುದಿಲ್ಲ ಎಂದು ಸುಮ್ಮನಾದೆ. ವರ್ಷವಿಡೀ ನಾನು ಕಾಯುವುದು ನಿಮ್ಮ ಆ ಹತ್ತು ದಿನಕ್ಕೆ. ಆ ಹತ್ತು ದಿನವೂ, ಎಲ್ಲ ಗೊತ್ತಿದ್ದೂ, ನಿನ್ನ ಮಗಳನ್ನು ಮುಂದಿನ ಕೋಣೆಯಲ್ಲೇ ಮಲಗಿಸಿದೆ.