ಪಿಕಪ್ಪಿನೊಳಗೆ ಕರೆಂಟು ಬಂತು

ಅಜ್ಜಂಪುರ
9-5-2025, ಶುಕ್ರವಾರ

ಪ್ರೀತಿಯ ಕೋಮಲಾ,

ಅತ್ತೆಯ ಕಾಗದ ಎಂದು ಓದದೆ ಹರಿದು ಹಾಕಬೇಡ. ಓದಿದ ಮೇಲೆ ಬೇಕಾದರೆ ಹರಿ. ಉಸಿರು ಹೇಗಿದೆ? ಹಿರೇನಲ್ಲೂರಿನಲ್ಲಿ ಈಗ ಧೂಳು ಜಾಸ್ತಿ, ಕಸ ಗುಡಿಸುವಾಗ ನೀನು ಆಚೆ ಇರು, ಔಷಧಿ ತಪ್ಪಿಸಬೇಡ. ಕೃತಿಕಾ ಈ ಅಜ್ಜಿಯನ್ನು ನೆನೆಸಿಕೊಳ್ಳುತ್ತಾಳೋ, ಅಥವಾ ತಾತನ ಮನೆಯ ಮಾವಿನಹಣ್ಣು ಸಿಕ್ಕ ಮೇಲೆ ನನ್ನನ್ನು ಮರೆತೇಬಿಟ್ಟಳೋ? ನಿಮ್ಮ ಅಪ್ಪ ತೀರ್ಥಪ್ಪನವರ ಮಂಡಿನೋವು ಇಳಿಯಿತೆ? ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದಿದ್ದದ್ದೇ ಒಳ್ಳೆಯದಾಯಿತು ಬಿಡು, ಫೋನಿನಲ್ಲಿ ನನ್ನ ಬಾಯಿ ನನ್ನ ಮಾತೇ ಕೇಳುವುದಿಲ್ಲ. ಅದಕ್ಕೇ ಕೃತಿಕಾಳ ಹಳೆಯ ನೋಟ್‌ಬುಕ್ಕಿನ ಹಾಳೆ ಕಿತ್ತುಕೊಂಡು ಬರೆಯಲು ಕೂತಿದ್ದೇನೆ.

ಸುದ್ದಿ ಏನೆಂದರೆ, ನಮ್ಮ ಪಿಕಪ್ಪಿನೊಳಗೆ ಕರೆಂಟು ಬಂದಿದೆ. ನಗಬೇಡ ಕಣೇ. ಹೋದ ತಿಂಗಳು ನನ್ನ ತಮ್ಮನ ಮಗಳು ಸ್ಪಂದನಾಳ ಮದುವೆಗೆಂದು ನಾನು ಎರಡು ದಿನ ಮೊದಲೇ ಹುಬ್ಬಳ್ಳಿಗೆ ಹೋಗಿದ್ದೆ, ನೀವು ಹಿಂದಿನಿಂದ ಗಾಡಿಯಲ್ಲಿ ಹೊರಟಿರಿ. ದಾರಿಯಲ್ಲಿ ನಿನಗೆ ಉಬ್ಬಸ ಎದ್ದು, ಆವಿ ಕೊಡುವ ನೆಬ್ಯುಲೈಸರ್ ತೊಡೆಯ ಮೇಲೇ ಇದ್ದರೂ ಅದರ ಪ್ಲಗ್ ಚುಚ್ಚಲು ಜಾಗವಿಲ್ಲದೆ ಒದ್ದಾಡಿದೆಯಲ್ಲ, ಅವತ್ತಿನಿಂದ ನಿನ್ನ ಗಂಡ ಓಂಕಾರೇಶನ ತಲೆಯಲ್ಲಿ ಅದೊಂದೇ. ರಾಣೆಬೆನ್ನೂರಿನ ಬಂಕಿನಲ್ಲಿ ಗಾಡಿ ನಿಲ್ಲಿಸಿದವನು ಎದುರಿಗಿದ್ದ ಆಸ್ಪತ್ರೆಗೆ ಹೋಗದೆ ಹುಬ್ಬಳ್ಳಿಗೇ ಹೊಡೆದದ್ದು ತಪ್ಪು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕುವಂತಾಯಿತು. ಮಂಚದ ಮೇಲಿಂದ ನೀನು "ನನ್ನ ಉಸಿರಿಗಿಂತ ನಿಮಗೆ ಮುಹೂರ್ತ ಹೆಚ್ಚಾಯ್ತಾ? ಇನ್ನು ನಿಮ್ಮ ಗಾಡೀನೂ ಹತ್ತಲ್ಲ, ನಿಮ್ಮ ಮನೇಗೂ ಬರಲ್ಲ" ಅಂದೆ. ಅವನು ತಲೆ ತಗ್ಗಿಸಿ ನಿಂತ. ನೀನು ಮಗುವನ್ನು ಕರೆದುಕೊಂಡು, ಸುದ್ದಿ ಕೇಳಿ ಓಡಿಬಂದ ಅಪ್ಪನ ಜೊತೆ ಅಲ್ಲಿಂದಲೇ ತವರಿಗೆ ಹೊರಟೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಊರಿಗೆ ಬಂದವನು ಮೊದಲು ಅಂಗೈಯಗಲದ ಒಂದು ಇನ್ವರ್ಟರ್ ತಂದು, ಫೋನ್ ಚಾರ್ಜರ್ ಸಿಕ್ಕಿಸುವ ತೂತಿಗೆ ಚುಚ್ಚಿದ. ಗಾಡಿಯಲ್ಲೇ ಇರಲಿ ಅಂತ ಹೊಸದೊಂದು ನೆಬ್ಯುಲೈಸರನ್ನೂ ತಂದಿದ್ದ. ಅದನ್ನು ಆನ್ ಮಾಡಿದ್ದೇ ತಡ, ಟಪ್ ಅಂತ ಫ್ಯೂಸ್ ಹೋಯಿತು. ಇನ್ನೊಂದು ಹಾಕಿದ, ಅದೂ ಹೋಯಿತು. ಎದುರುಮನೆಯ ಗುಂಡಣ್ಣ ಕೈ ಕಟ್ಟಿಕೊಂಡು ನೋಡುತ್ತಿದ್ದವನು "ದಪ್ಪ ಫ್ಯೂಸ್ ಹಾಕ್ಬಿಡಪ್ಪಾ, ಅದೆಂಗೆ ಹೋಯ್ತದೋ ನೋಡಾನ" ಅಂದ. ಇವನೂ ಹೂಂ ಅಂದು ಹೊರಟಿದ್ದ. ಇಬ್ಬರಿಗೂ ಸೇರಿಸಿ ಬೈದು, ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದೆ ಗಾಡಿಗಳ ವೈರಿಂಗ್ ಮಾಡುವ ಚನ್ನಬಸಪ್ಪನ ಹತ್ತಿರ ಹೊರಡಿಸಿದೆ, ನಾನೂ ಹತ್ತಿ ಕೂತೆ. ಆತ ಕೇಳಿ ಹಣೆ ಚಚ್ಚಿಕೊಂಡ. "ಫ್ಯೂಸ್ ದಪ್ಪ ಮಾಡಿದ್ರೆ ಫ್ಯೂಸ್ ಉಳೀತದೆ, ಒಳಗಿನ ಸಣ್ಣ ವೈರು ಸುಟ್ಟು ಗಾಡಿಗೇ ಬೆಂಕಿ ಬೀಳ್ತದೆ ಕಣ್ರೀ" ಅಂದ. ಗುಂಡಣ್ಣನಿಗೆ ಈ ಮಾತನ್ನು ಬಂದ ದಿನವೇ ಮುಟ್ಟಿಸಿದೆ.

ಚನ್ನಬಸಪ್ಪ ಇಡೀ ದಿನ ಕೆಲಸ ಮಾಡಿದ, ನಾನು ಅವನ ಸ್ಟೂಲಿನ ಮೇಲೆ ಕೂತು ಪ್ರಶ್ನೆ ಕೇಳಿದೆ. ಇಂಜಿನ್ ಆಫ್ ಇದ್ದಾಗಲೂ ನಡೆಯಲಿ ಅಂತ ಎರಡನೇ ಬ್ಯಾಟರಿ ಕೂರಿಸಿದ. ಅದು ಖಾಲಿಯಾದರೂ ಗಾಡಿ ಸ್ಟಾರ್ಟ್ ಆಗುತ್ತದಂತೆ. ಬ್ಯಾಟರಿಯ ಪಕ್ಕದಲ್ಲೇ ಒಂದು ಫ್ಯೂಸ್, ಅಲ್ಲಿಂದ ಕಿರುಬೆರಳು ದಪ್ಪದ ವೈರು. ಇಂಜಿನ್ ಹಿಂದಿನ ತಗಡನ್ನು ಕೊರೆದು ಒಳಗೆ ತಂದ. ತಗಡಿನ ಅಂಚು ವೈರನ್ನು ಕೊಯ್ಯುವುದಿಲ್ಲವೇ ಅಂದೆ. "ಅಮ್ಮಾ, ರಬ್ಬರ್ ಹಾಕ್ತೀನಿ, ಇಲ್ಲಾಂದ್ರೆ ನೀವೇ ಬಂದು ಸ್ಪ್ಯಾನರ್ ಹಿಡೀರಿ" ಅಂತ ಗದರಿದ. ದೊಡ್ಡ ಇನ್ವರ್ಟರ್ ಸೀಟಿನ ಕೆಳಗಿದೆ. ನೀನು ಕೂರುವ ಹಿಂದಿನ ಸೀಟಿನ ಪಕ್ಕದಲ್ಲಿ, ಕೈಗೆಟುಕುವ ಹಾಗೆ, ಮನೆಯಲ್ಲಿರುವಂಥದೇ ಮೂರು ಪಿನ್ನಿನ ಪಾಯಿಂಟು.

ಬುಧವಾರ ಲಿಂಗದಹಳ್ಳಿ ರಸ್ತೆಯಲ್ಲಿ ಒಂದು ಹುಣಸೆಮರದ ಕೆಳಗೆ ಇಂಜಿನ್ ಆಫ್ ಮಾಡಿಸಿ ಪರೀಕ್ಷೆ ಮಾಡಿದೆವು. ಔಷಧಿಯ ಬದಲು ಬರೀ ಸಲೈನ್ ನೀರು ಹಾಕಿಸಿ ಮಾಸ್ಕನ್ನು ನಾನೇ ಕಟ್ಟಿಕೊಂಡೆ. ಒಂದು ಗಂಟೆ ನಡೆಯಿತು, ಒಂದು ಸಲವೂ ನಿಲ್ಲಲಿಲ್ಲ. ಓಂಕಾರೇಶ ವಾಚು ನೋಡುತ್ತಾ ಕೂತಿದ್ದ. ಚೆನ್ನಾಗಿ ಉಸಿರಾಡುವ ನನಗೇ ಆ ಮಾಸ್ಕಿನೊಳಗೆ ಎದೆ ಹಿಡಿದಂತಾಯಿತು ಕೋಮಲಾ. ಮೂರು ತಾಸಿನ ದಾರಿಯಲ್ಲಿ ನಿನಗೆ ಹೇಗಾಗಿರಬೇಕು ಅಂತ ಅಲ್ಲಿ ಕೂತು ಅತ್ತುಬಿಟ್ಟೆ. ಆವಿಗೆ ಕಣ್ಣಲ್ಲಿ ನೀರು ಬಂತು ಅಂತ ಅವನಿಗೆ ಹೇಳಿದೆ, ಅವನು ನಂಬಲಿಲ್ಲ. ಹೋಗಿ ಅವಳನ್ನು ಕರೆದುಕೊಂಡು ಬಾರೋ ಅಂದರೆ "ಯಾವ ಮುಖ ಇಟ್ಕೊಂಡು ಹೋಗ್ಲವ್ವಾ" ಅಂತಾನೆ. ಊಟ ಅರ್ಧಕ್ಕೇ ಬಿಟ್ಟು ಏಳುತ್ತಾನೆ.

ಬೀಗರಿಗೂ ಬೀಗಿತ್ತಿಗೂ ನನ್ನ ಶರಣು ತಿಳಿಸು. ಕೃತಿಕಾಳ ಎರಡೂ ಕೆನ್ನೆಗೆ ನನ್ನ ಮುತ್ತು. ಎಲ್ಲಿದ್ದರೂ ನಿನ್ನ ಉಸಿರು ಸಲೀಸಾಗಿರಲಿ, ಅದೇ ನನ್ನ ಆಶೀರ್ವಾದ.

ನಿನ್ನ ಅತ್ತೆ,
ಸಾವಿತ್ರಮ್ಮ

ಮತ್ತೊಂದು ಮಾತು: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಬಂಕಿನಲ್ಲಿ ಅವನು ನೀರಿನ ಬಾಟಲಿ ತರುತ್ತೇನೆಂದು ಇಳಿದನಲ್ಲ, ಇಳಿದದ್ದು ನನಗೆ ಫೋನ್ ಮಾಡಲು. "ಅವ್ವಾ, ಕೋಮಲಾಗೆ ಬಾಳಾ ಆಗ್ತೈತೆ, ಇಲ್ಲೇ ಆಸ್ಪತ್ರೆ ಐತೆ, ತೋರಿಸ್ಕೊಂಡು ಬತ್ತೀನಿ" ಅಂದ. "ಅದು ಅವಳ ಮಾಮೂಲಿ ಕಣೋ, ನೆಂಟರ ಮುಂದೆ ನನ್ನ ಮರ್ಯಾದೆ ಕಳೀಬೇಡ, ಮುಹೂರ್ತಕ್ಕೆ ಬಂದ್ಬಿಡು" ಅಂದವಳು ನಾನು. ನನ್ನ ಮಾತು ಕೇಳಿದ್ದು ಅವನ ತಪ್ಪು, ಹೇಳಿದ್ದು ನನ್ನದು. ನೀನು ಅಷ್ಟು ಬೈದರೂ ಅವನು ನನ್ನ ಹೆಸರು ಎತ್ತಲಿಲ್ಲ, ನಾನೂ ಪಕ್ಕದಲ್ಲೇ ನಿಂತು ಬಾಯಿ ಬಿಡಲಿಲ್ಲ. ಇದನ್ನು ಬರೆದದ್ದು ಅವನಿಗೆ ಗೊತ್ತಿಲ್ಲ. ಹದಿನೆಂಟನೇ ತಾರೀಕು ಭಾನುವಾರ ಗಾಡಿ ತರಿಸಿಕೊಂಡು ನಾನೇ ಬರುತ್ತೇನೆ. ಹತ್ತುವುದು ಬಿಡುವುದು ನಿನ್ನಿಷ್ಟ. ಆದರೆ ಬೈಯುವುದು ಬಾಕಿ ಇದ್ದರೆ ನನ್ನನ್ನು ಬೈ, ಅವನನ್ನಲ್ಲ.