ಏಳು ಪದರಿನ ಕೌದಿ

ಹಿಮಾಚಲದಿಂದ,
9-1-2026

ಪ್ರೀತಿಯ ಅವ್ವನಿಗೆ,

ನಿನ್ನ ಹಿರಿಯ ಮಗಳು ಉಮಾ ಮಾಡುವ ಶರಣಾರ್ಥಿ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯುವುದಿಲ್ಲ. ಫೋನಿನಲ್ಲಿ ಹೇಳಿದರೆ ನೀನು ಅಳುತ್ತೀ, ನೀನು ಅತ್ತರೆ ನನ್ನ ಬಾಯಿ ಕಟ್ಟುತ್ತದೆ. ಅದಕ್ಕೇ ಪತ್ರ. ಓದಿ ಹೇಳು ಅಂತ ಪಕ್ಕದ ಮನೆಯವರನ್ನು ಕರೆಯಬೇಡ. ದಿನಾ ಮುಂಜಾನೆ ವಚನದ ಪುಸ್ತಕ ಓದುವ ಕಣ್ಣಿಗೆ ಇದೂ ಕಾಣುತ್ತದೆ.

ಚಳಿ ಹೇಗಿದೆ ಎಂದು ಕೇಳುತ್ತಿದ್ದೆಯಲ್ಲ, ಮೊದಲು ಅದನ್ನೇ ಹೇಳುತ್ತೇನೆ. ಬಿಸಿಲು ಗುಡ್ಡ ದಾಟಿ ನಮ್ಮ ಅಂಗಳಕ್ಕೆ ಬರುವುದು ಹತ್ತು ಗಂಟೆಗೆ. ಮೂರಕ್ಕೆಲ್ಲ ಇನ್ನೊಂದು ಗುಡ್ಡದ ಹಿಂದೆ ಹೋಗಿಬಿಡುತ್ತದೆ. ಮುಂಜಾನೆ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿರುತ್ತದೆ, ಕಾಸಿದ ನೀರು ಸುರಿದು ಅದನ್ನು ಎಬ್ಬಿಸಬೇಕು. ಕೊಬ್ಬರಿ ಎಣ್ಣೆಯನ್ನು ಚಮಚದಿಂದ ಕೆರೆಯುತ್ತೇನೆ. ನೀನು ಕಟ್ಟಿಕೊಟ್ಟ ಜೋಳದ ಹಿಟ್ಟು ಮುಗಿಯಿತು. ಇಲ್ಲಿ ಜೋಳ ಕೇಳಿದರೆ ಅಂಗಡಿಯವನು ಮೆಕ್ಕೆಜೋಳ ತೋರಿಸುತ್ತಾನೆ. ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬೆಳೆದವಳು ನಾನು. ಈಗ ಎರಡು ಜೋಡಿ ಕಾಲುಚೀಲ ಹಾಕಿದರೂ ಬೆರಳು ನನ್ನವಲ್ಲ ಅನ್ನಿಸುತ್ತದೆ. ಕೆಳಗಿನ ಮನೆಯ ಮುದುಕಿ ನನ್ನನ್ನು ಒಲೆಯ ಮುಂದೆ ಕೂರಿಸಿ ಕೈ ಉಜ್ಜುತ್ತಾಳೆ. ಆದರೂ ಚಳಿಯ ಮೇಲೆ ನನಗೆ ಸಿಟ್ಟಿಲ್ಲ ಅವ್ವಾ. ಚಳಿ ನನಗೆ ಸುಳ್ಳು ಹೇಳಿಲ್ಲ.

ಮೊನ್ನೆ ಹಿಮ ಬಿತ್ತು. ಎರಡು ರಜಾಯಿ ಸಾಲದೆ, ಟ್ರಂಕಿನ ತಳದಲ್ಲಿದ್ದ ನಿನ್ನ ಕೌದಿ ತೆಗೆದೆ. ಹೊರಡುವ ದಿನ ಅದನ್ನು ಕೊಡುತ್ತ, "ನಿಮ್ಮ ಆಯಿ ಕಾಲದ್ದವ್ವಾ, ಪೆಟಗ್ಯಾಗ ಸುಮ್ಮ ಬಿದ್ದಿತ್ತು" ಅಂದಿದ್ದೆ. ಬಿಚ್ಚಿ ಹಾಸಿದೆ. ಮೂಲೆಯಲ್ಲಿ ಅರಿಸಿನ ಬಣ್ಣದ ತುಂಡು, ಮೇಲೆ ಕೆಂಪು ಚುಕ್ಕಿ. ಅದು ನನ್ನ ಸೀರೆ. ಹೋದ ಪಂಚಮಿಯಲ್ಲಿ ಜೋಕಾಲಿ ಜೀಕುವಾಗ ಹಗ್ಗಕ್ಕೆ ಸಿಕ್ಕು ಹರಿಯಿತಲ್ಲ, ನೀನು ಬೈದು ಮೂಲೆಗೆ ಎಸೆದೆಯಲ್ಲ, ಅದೇ. ಅಜ್ಜಿ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅವಳ ಕೌದಿಯೊಳಗೆ ನನ್ನ ಸೀರೆ ಹೇಗೆ ಬಂತು?

ಕುಳಿತು ಅಂಚು ಎಣಿಸಿದೆ. ಏಳು ಪದರು! ನಮ್ಮೂರು ಸೇಡಂನ ಸೆಕೆಗೆ ಯಾವ ಹುಚ್ಚಿ ಏಳು ಪದರಿನ ಕೌದಿ ಹೊಲಿಯುತ್ತಾಳೆ? ಮೂರು ಪದರಿದ್ದರೇ ಒದ್ದು ಮಲಗುತ್ತೇವೆ. ಹೊಲಿಗೆ ನಿನ್ನದೇ, ಎರಡು ಉದ್ದ ಒಂದು ಗಿಡ್ಡ. ನನಗೆ ಕೌದಿ ಹೊಲಿಯಲು ಕಲಿಸಿದವಳು ನೀನು, ಲೆಕ್ಕ ನನಗೂ ಗೊತ್ತು. ಏಳು ಪದರಿಗೆ ಸೂಜಿ ಇಳಿಯಬೇಕಾದರೆ ದಿನಕ್ಕೆ ಎರಡು ಗೇಣು ಸಾಗಿದರೆ ಹೆಚ್ಚು. ಎರಡು ತಿಂಗಳಿಗಿಂತ ಕಡಿಮೆಯಲ್ಲಿ ಅದು ಮುಗಿಯುವುದಿಲ್ಲ. ಆದರೆ ಕಂಪನಿಯ ಆರ್ಡರ್ ಬಂದಿದೆ, ಎಂಟು ದಿನದಲ್ಲಿ ಗುಡ್ಡದ ಊರಿನ ಸಿಮೆಂಟ್ ಫ್ಯಾಕ್ಟರಿಗೆ ಹಾಜರಾಗಬೇಕು ಎಂದು ನನ್ನ ಗಂಡ ಹೇಳಿದ್ದು ದೀಪಾವಳಿಯಾದ ಮೇಲೆ. ನೀನೋ, ಪಂಚಮಿ ಮುಗಿದ ವಾರವೇ ಹಳೆ ಸೀರೆಗಳ ಗಂಟು ಹೊತ್ತು, ಪುರಾಣ ಕೇಳುತ್ತೇನೆಂದು ಐನಾಪುರದ ಸೋದರಮಾವನ ಮನೆಗೆ ಹೋದವಳು, ತಿರುಗಿ ಬಂದದ್ದು ದಸರೆಗೆ. ಪುರಾಣ ಕೇಳಲು ಹಳೆ ಸೀರೆ ಯಾಕೆ ಬೇಕಿತ್ತು?

ಸಂಜೆ ಇವರು ಬಂದ ಕೂಡಲೇ ಕೌದಿಯನ್ನು ಮುಂದೆ ಎಸೆದು ಕೇಳಿದೆ. ಶರಣಕುಮಾರರಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಹತ್ತು ವರ್ಷದಿಂದ ನಂಬಿದ್ದೆ. ಬೂಟು ಬಿಚ್ಚುತ್ತ, ತಲೆ ಎತ್ತದೆ ಹೇಳಿದರು: ಈ ಊರಿಗೆ ಬದಲಿ ತಾನಾಗಿ ಬಂದದ್ದಲ್ಲ, ಅರ್ಜಿ ಕೊಟ್ಟು ಪಡೆದದ್ದು. ಕೇಳಿಕೊಂಡವಳು ನೀನು. "ಉಮಾ ಇಲ್ಲಿದ್ರ ಅಕಿ ಬಾಣಂತನ ಮಾಡೇ ಮಾಡ್ತಾಳ. ಎಲ್ಲ್ಯರ ದೂರ ಕರಕೊಂಡು ಹೋಗ್ರಿ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದೆಯಂತೆ. ಅತ್ತೆಯ ಮಾತು ಹೇಗೆ ತೆಗೆದುಹಾಕಲಿ ಎಂದು ಇವರು ನನ್ನನ್ನೇ ಕೇಳುತ್ತಾರೆ.

ಅಕಿ! ಹೆಸರೂ ಬಾಯಿಗೆ ಬರಲಿಲ್ಲವೇ ನಿನಗೆ? ಶಿವರಂಜನಿ. ನಿನ್ನ ಹೊಟ್ಟೆಯ ಕಿರಿ ಮಗಳು. ಬುದ್ಧನ ಫೋಟೊ ಇಟ್ಟ ಮನೆಯ ದೇವಾನಂದನನ್ನು ಮದುವೆಯಾದಳೆಂದು ಮೂರು ವರ್ಷದಿಂದ ಅವಳಿರುವ ವಾಡಿಯ ದಿಕ್ಕಿಗೆ ನೀನು ಮುಖ ಮಾಡಿಲ್ಲ. ನಾನೊಬ್ಬಳೇ ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದೆ. ಬಸುರಿಯಾದಾಗ ಅವಳು ಬೇಡಿದ್ದು ಒಂದೇ: "ಅಕ್ಕಾ, ನೀ ಬಂದು ನನಗ ನೀರು ಎರೀಬೇಕು ನೋಡು." ಅವಳ ಅತ್ತೆ ಅನಸುಬಾಯಿಗೆ ಕಣ್ಣು ಕಾಣುವುದಿಲ್ಲ. ನಾನು ರಂಜುವಿನ ತಲೆ ಮುಟ್ಟಿ ಮಾತು ಕೊಟ್ಟೆ. ಪಂಚಮಿಯ ದಿನ ಅದನ್ನು ನಿನಗೊಬ್ಬಳಿಗೇ ಹೇಳಿದೆ. ಬೇಲಿಯೇ ಎದ್ದು ಹೊಲ ಮೇಯಿತು.

ಓಣಿಯಲ್ಲಿ ಎಷ್ಟು ಬಾಣಂತಿಯರಿಗೆ ಎರೆದಿದ್ದೀ ಅವ್ವಾ! ಮಜೀದಸಾಬರ ಸೊಸೆಗೂ ಅಂಟಿನುಂಡಿ ಕಟ್ಟಿಕೊಟ್ಟ ಕೈ ಅದು. ಅಲ್ಲಿ ಯಾವ ಜಾತಿ ಎಂದು ಕೇಳಲಿಲ್ಲ. ಸ್ವಂತ ಮಗಳ ಸರದಿ ಬಂದಾಗ ಜನ ಏನಂತಾರೆ ಎಂಬುದು ನೆನಪಾಯಿತು. ನೀನು ಹೋಗದಿದ್ದರೆ ಬಿಡು. ಹೋಗುವವಳ ಕಾಲನ್ನೂ ಕಟ್ಟಿದೆಯಲ್ಲ, ಅದನ್ನು ನನಗೆ ನುಂಗಲಾಗುತ್ತಿಲ್ಲ. ನಂಬಿಸಿ ಕುತ್ತಿಗೆ ಕೊಯ್ದೆ. ಮೇಲೆ ಚಳಿಯಾದೀತೆಂದು ಕೌದಿ ಬೇರೆ!

ರಂಜುಗೆ ಆಸ್ಪತ್ರೆಯವರು ಇಪ್ಪತ್ತೆರಡನೇ ತಾರೀಖು ಹೇಳಿದ್ದಾರೆ. "ಇರಲಿ ಬಿಡಕ್ಕ, ಅಷ್ಟು ದೂರದಿಂದ ಹ್ಯಾಂಗ ಬರ್ತೀ" ಎಂದು ಫೋನಿನಲ್ಲಿ ಅವಳೇ ನನಗೆ ಸಮಾಧಾನ ಹೇಳುತ್ತಾಳೆ. ನನ್ನನ್ನು ಇಲ್ಲಿಗೆ ಅಟ್ಟಿದವಳು ಅವ್ವ ಎಂದು ಅವಳಿಗೆ ಹೇಳಲೇ? ತುಂಬಿದ ಬಸುರಿಗೆ ಅದನ್ನು ಹೇಳುವಷ್ಟು ಕಲ್ಲು ಮನಸ್ಸು ನನಗಿಲ್ಲ. ಬೇಸಿಗೆಗೆ ಹೋಗಿ ಬರೋಣ ಎನ್ನುತ್ತಾರೆ ಇವರು. ಹೂಂ ಅಂದಿದ್ದೇನೆ.

ನಿನ್ನ ಮಗಳು (ಇನ್ನೂ ಹಾಗೇ ಬರೆಯುತ್ತಿದ್ದೇನೆ),
ಉಮಾದೇವಿ

ತಾ.ಕ.: ವಾಡಿ, 13-1-2026. ಈ ಪತ್ರವನ್ನು ಅಲ್ಲಿ ಅಂಚೆಗೆ ಹಾಕಲಿಲ್ಲ, ಕೈಯಲ್ಲೇ ತಂದೆ. ಹೂಂ ಅಂದದ್ದು ಬರೀ ಬಾಯಿಮಾತಿಗೆ. ಇವರು ಬಸ್ಸಿನವರೆಗೆ ಬಂದು ಚೀಲ ಹತ್ತಿಸಿದರು.

ಹುಟ್ಟುವ ಮಗುವಿಗೆಂದು ನಿನ್ನೆ ನಿನ್ನ ಕೌದಿಯನ್ನು ಎರಡು ಮಾಡಿದೆ. ಕತ್ತರಿ ಹಾಕುತ್ತಲೇ ನಟ್ಟನಡುವಿನ ಪದರಿನಿಂದ ಹಸಿರು ಬಟ್ಟೆ ಇಣುಕಿತು, ಜರಿಯಂಚಿನ ಸಮೇತ. ರಂಜು ಏಳನೇ ಇಯತ್ತೆಯಲ್ಲಿ ಉಡುತ್ತಿದ್ದ ಲಂಗ. ಅವಳ ಬಟ್ಟೆಯನ್ನೆಲ್ಲ ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬಿ ತಗೊಂಡೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದೆಯಲ್ಲ! ಅದನ್ನು ಕಂಡು ನನ್ನ ಸಿಟ್ಟು ಇಳಿಯಲಿಲ್ಲ ಅವ್ವಾ, ಏರಿತು. ಮೇಲೆ ಮೂರು, ಕೆಳಗೆ ಮೂರು ಪದರು ಹಾಕಿ ಮಗಳನ್ನು ಬಚ್ಚಿಟ್ಟಿದ್ದೀ. ರಂಜು ಆ ತುಂಡನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಾಳೆ.

ಇಲ್ಲಿಗೆ ಬರಲು ನನಗೆ ಮೂರು ದಿನ ಹಿಡಿಯಿತು. ನಿನಗೆ ಸೇಡಂನಿಂದ ವಾಡಿಗೆ ರೈಲಿನಲ್ಲಿ ಒಂದು ತಾಸು.